ಒಂದು ಸೋಲು ಏನನ್ನು ಸಾಧಿಸುತ್ತದೆ?

ದೊಡ್ಡ ಪಂದ್ಯದಲ್ಲಿ ಸೋತವರಿಗೆ ಎದೆಗಾರಿಕೆ ಇಲ್ಲವೆಂದು ಆ ಒಂದು ಸೋಲಿನಿಂದ ನಿರ್ಣಯಿಸಬಹುದೇ? ಆಗದು ಎಂಬುದು ನನ್ನ ಪಕ್ಷ.

2019ರ ವಿಂಬಲ್ಡನ್ ಫೈನಲ್‌ನಲ್ಲಿ ರೋಜರ್ ಫೆಡರರ್ 218 ಪಾಯಿಂಟ್ ಗಳಿಸಿದರು, ನೊವಾಕ್ ಜೊಕೊವಿಚ್ 204. ಗೆದ್ದವರು ಜೊಕೊವಿಚ್. ಬೇಸ್‌ಬಾಲ್‌ನಲ್ಲೂ ಇಂಥದೇ ನಡೆದಿದೆ. 1960ರ ವರ್ಲ್ಡ್ ಸೀರೀಸ್‌ನ ಏಳು ಪಂದ್ಯಗಳಲ್ಲಿ ನ್ಯೂಯಾರ್ಕ್ ಯಾಂಕೀಸ್ 55 ರನ್ ಗಳಿಸಿತು, ಪಿಟ್ಸ್‌ಬರ್ಗ್ ಪೈರೇಟ್ಸ್ 27. ಸರಣಿ ಪೈರೇಟ್ಸ್ ಪಾಲಾಯಿತು. ಯಾಂಕೀಸ್‌ನ 16–3ರ ಗೆಲುವೂ ಲೆಕ್ಕಕ್ಕೆ ಒಂದೇ, ಪೈರೇಟ್ಸ್‌ನ ಕೊನೆಯ 10–9ರ ಗೆಲುವೂ ಒಂದೇ. ಟೆನಿಸ್‌ನಲ್ಲಿ 6–1ರ ಸೆಟ್ಟಿಗೂ ಟೈಬ್ರೇಕ್‌ನಲ್ಲಿ ದಕ್ಕಿದ ಸೆಟ್ಟಿಗೂ ಬೆಲೆ ಸಮ. ಹೀಗೆ ಕೆಲವು ಪಾಯಿಂಟುಗಳ ಮೇಲೆ ಪಂದ್ಯದ ಭಾರವೆಲ್ಲ ಬೀಳುತ್ತದೆ. ಒತ್ತಡ ಹುಟ್ಟುವುದು ಅಲ್ಲಿ; ಅದೃಷ್ಟ ನುಸುಳುವುದೂ ಅಲ್ಲಿಯೇ.

ಇದಕ್ಕೆ ಪೂರ್ವಪಕ್ಷ: ಆ ಭಾರದ ಪಾಯಿಂಟುಗಳನ್ನು ಗೆಲ್ಲುವುದೇ ಮನೋಬಲವಲ್ಲವೇ? ಆ ಫೈನಲ್‌ನ ಮೂರೂ ಟೈಬ್ರೇಕ್‌ ಜೊಕೊವಿಚ್ ಗೆದ್ದರು. ಫೆಡರರ್ ಐದನೆಯ ಸೆಟ್ಟಿನಲ್ಲಿ ತಮ್ಮದೇ ಸರ್ವ್‌ನಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಕಳೆದುಕೊಂಡರು.

ಒತ್ತಡ ಸುಳ್ಳೆಂದು ನಾನು ಹೇಳುತ್ತಿಲ್ಲ. 1993ರ ವಿಂಬಲ್ಡನ್ ಫೈನಲ್‌ನ ಕೊನೆಯ ಸೆಟ್ಟಿನಲ್ಲಿ ಸ್ಟೆಫಿ ಗ್ರಾಫ್ ಎದುರು 4–1ರ ಮುನ್ನಡೆಯಲ್ಲಿದ್ದ ಯಾನಾ ನೊವೊಟ್ನಾ ಡಬಲ್ ಫಾಲ್ಟ್ ಮಾಡಿ ಕುಸಿದದ್ದನ್ನು ಜಗತ್ತೇ ಕಂಡಿತು. ಅದೇ ನೊವೊಟ್ನಾ 1998ರಲ್ಲಿ ಅಲ್ಲಿಯೇ ಚಾಂಪಿಯನ್ ಆದರು. ಒಂದು ಗಳಿಗೆಯ ಕುಸಿತ ಸ್ವಭಾವವಾಗುವುದಿಲ್ಲ. ಎಂಟು ಬಾರಿ ವಿಂಬಲ್ಡನ್ ಗೆದ್ದ ಫೆಡರರ್‌ಗೆ ಎದೆಗಾರಿಕೆ ಇಲ್ಲವೆನ್ನಲು ಎರಡು ಪಾಯಿಂಟು ಸಾಕೇ? ಸ್ವಭಾವವಾದರೆ ಮತ್ತೆ ಮತ್ತೆ ಕಾಣಬೇಕು. 1977ರಲ್ಲಿ ರಿಚರ್ಡ್ ಕ್ರೇಮರ್ ಬೇಸ್‌ಬಾಲ್ ಆಟಗಾರರ 1969 ಮತ್ತು 1970ರ ಲೆಕ್ಕಗಳನ್ನು ಹೋಲಿಸಿದರು. ಬಿಗಿ ಸನ್ನಿವೇಶದಲ್ಲಿ ಒಂದು ವರ್ಷ ಮಿಂಚಿದವರು ಮರುವರ್ಷವೂ ಮಿಂಚುತ್ತಾರೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ.

ಹಾಗಾದರೆ ಗೆದ್ದವರ ಶ್ರಮಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಇದೆ. ಆಟ ಉದ್ದವಾದಷ್ಟೂ ಅದೃಷ್ಟದ ಪಾಲು ಕರಗುತ್ತದೆ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 162 ಪಂದ್ಯಗಳಲ್ಲಿ 116 ಗೆದ್ದದ್ದು ಸಾಮರ್ಥ್ಯ. ಬಳಿಕ ಯಾಂಕೀಸ್ ಎದುರು ಐದೇ ಪಂದ್ಯಗಳಲ್ಲಿ ಸರಣಿ ಸೋತದ್ದು ಆ ಸಾಮರ್ಥ್ಯವನ್ನು ಅಳಿಸುವುದಿಲ್ಲ. ಗೆದ್ದವರಿಗೆ ಕಪ್ ಕೊಡುವುದು ನ್ಯಾಯ. ಆ ಕಪ್ಪನ್ನೇ ಸಾಕ್ಷಿಗಿಟ್ಟು ಸೋತವರನ್ನು ಪುಕ್ಕಲರೆಂದು ಕರೆಯುವುದು ಅನ್ಯಾಯ.

ಈ ಅನ್ಯಾಯ ಬಿಲ್ ಬಕ್ನರ್ ಅವರಿಗಾದಷ್ಟು ಇನ್ನಾರಿಗೂ ಆಗಿಲ್ಲವೇನೋ. 1986ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಚೆಂಡು ಅವರ ಕಾಲುಗಳ ನಡುವೆ ನುಸುಳಿತು, ಅವರ ತಂಡ ಬಾಸ್ಟನ್ ರೆಡ್ ಸಾಕ್ಸ್ ಸೋತಿತು. ಆ ಹೊತ್ತಿಗಾಗಲೇ ಪಿಚರ್‌ನ ಕೈತಪ್ಪಿದ ಎಸೆತದಿಂದ ಸ್ಕೋರ್ ಸಮವಾಗಿತ್ತು. ಏಳನೆಯ ಪಂದ್ಯವೂ ಬಾಕಿಯಿತ್ತು; ಅದರಲ್ಲಿ 3–0 ಮುಂದಿದ್ದೂ ತಂಡ ಸೋತಿತು. ಆದರೂ ಜನ ಬೈದದ್ದು ಬಕ್ನರ್ ಅವರನ್ನೇ. ಮೇಜರ್ ಲೀಗ್‌ನಲ್ಲಿ ಅವರು ಹೊಡೆದ ಹಿಟ್‌ಗಳು 2,715.