ಮುಪ್ಪು, ಮೈಭಾರ, ಯುದ್ಧಧರ್ಮ

ಐರ್ಲೆಂಡಿನ ಡ್ರೋಹೆಡಾ ಪಟ್ಟಣದಿಂದ ಪಶ್ಚಿಮಕ್ಕೆ ತುಸು ದೂರದಲ್ಲಿ, ಬಾಯ್ನ್ ನದಿಯ ಓಲ್ಡ್‌ಬ್ರಿಜ್ ಎಂಬ ಹಾಯ್ಗಡದಲ್ಲಿ, 1690ನೆಯ ಇಸವಿಯ ಜುಲೈ 1ರಂದು (ಅದು ಹಳೆಯ ಪಂಚಾಂಗದ ಲೆಕ್ಕ) ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಎರಡನೆಯ ಜೇಮ್ಸನೂ ಅವನ ಸೋದರಳಿಯನೂ ಮಗಳ ಗಂಡನೂ ಆಗಿದ್ದ ಮೂರನೆಯ ವಿಲಿಯಮನೂ (ನಮ್ಮ ಸೀಮೆಯವರಿಗೆ ಈ ನಂಟು ಹೊಸದೇನಲ್ಲ!) ಕಾದಿದಾಗ, ವಿಲಿಯಮನ ಸೇನಾನಿ ಷೋಂಬರ್ಗನು 74ರ ವೃದ್ಧನಾಗಿದ್ದೂ, ಕಂಗೆಟ್ಟಿದ್ದ ಫ್ರೆಂಚ್ ಪ್ರಾಟೆಸ್ಟಂಟರ ದಳವನ್ನು ಹುರಿದುಂಬಿಸಲೆಂದು ಎದೆಗವಚವಿಲ್ಲದೆಯೇ ಕುದುರೆಯನ್ನು ನೀರಿಗಿಳಿಸಿ, ಆಚೆಯ ದಡದ ಗಲಿಬಿಲಿಯಲ್ಲಿ ಹತನಾದನು.

ಇದನ್ನು ಮುದುಕನ ದುಡುಕೆಂದು ತಳ್ಳಿಹಾಕುವವರು ಹಿಂದಿನ ವರ್ಷದ ಶರತ್ಕಾಲವನ್ನೊಮ್ಮೆ ನೋಡಬೇಕು. ಡ್ರೋಹೆಡಾಕ್ಕೆ ಉತ್ತರದ ಡಂಡಾಕಿನ ಜೌಗುನೆಲದಲ್ಲಿ ಇದೇ ಷೋಂಬರ್ಗನ ಪಾಳೆಯವು ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದಾಗ, ಸಾವಿರಾರು ಮಂದಿ ಯುದ್ಧವನ್ನೇ ಮಾಡದೆ ರೋಗದಿಂದ ಸತ್ತರು. ಸತ್ತವರಲ್ಲಿ ಬಹುಪಾಲು ಹೊಸದಾಗಿ ಸೇನೆ ಸೇರಿದ್ದ ಇಂಗ್ಲಿಷರು. ಅನೇಕ ದಂಡಯಾತ್ರೆಗಳಲ್ಲಿ ಪಳಗಿದ್ದ ಡಚ್ಚರೂ ಫ್ರೆಂಚರೂ ಗಟ್ಟಿ ಗುಡಿಸಲುಗಳನ್ನು ಕಟ್ಟಿಕೊಂಡು ಬಹುಮಟ್ಟಿಗೆ ಉಳಿದುಕೊಂಡರು. ವೃದ್ಧ ಸೇನಾನಿಯೂ ಉಳಿದನು.

ಹಾಗಾದರೆ ಯೋಧನ ಕ್ಷಮತೆಯ ನೆಲೆ ಯಾವುದು? ಚರಕಸಂಹಿತೆಯು ಅತಿಸ್ಥೂಲನನ್ನೂ ಅತಿಕೃಶನನ್ನೂ ನಿಂದ್ಯರ ಸಾಲಿನಲ್ಲಿ ನಿಲ್ಲಿಸಿ, ಎರಡರಲ್ಲಿ ಕಾರ್ಶ್ಯವೇ ಮೇಲೆಂದು ತೀರ್ಮಾನಿಸಿ, ಸಮಪ್ರಮಾಣದ ಮಾಂಸವುಳ್ಳವನ ಲಕ್ಷಣವನ್ನು ಹೇಳುವಾಗ, ಅವನು ಹಸಿವು ನೀರಡಿಕೆಗಳನ್ನೂ ಬಿಸಿಲು ಚಳಿಗಳನ್ನೂ ವ್ಯಾಯಾಮವನ್ನೂ ತಾಳಬಲ್ಲನೆನ್ನುತ್ತದೆ. ಸಹನೆಯ ಈ ಪಟ್ಟಿಯನ್ನು ಓದುವಾಗ ನನಗೆ ರಣರಂಗದಲ್ಲೇ ಉಪದಿಷ್ಟವಾದ ಗೀತೆಯ ತಿತಿಕ್ಷೆ ನೆನಪಾಗದಿರದು. ಶೀತೋಷ್ಣಗಳನ್ನು ತಾಳಿಕೊಳ್ಳೆಂದು ಕೃಷ್ಣನು ಅರ್ಜುನನಿಗೆ ಹೇಳಿದ್ದನ್ನು ವೈದ್ಯನು ದೇಹದ ಪಕ್ಷದಿಂದ ಹೇಳಿದಂತಿದೆ. ಸೈನ್ಯದ ವೈದ್ಯನು ವಯಸ್ಸು, ಎತ್ತರ, ತೂಕಗಳನ್ನು ಬರೆದುಕೊಳ್ಳುವಾಗ ಅವನು ಹುಡುಕುತ್ತಿರುವುದೂ ಈ ತಾಳಿಕೆಯನ್ನೇ. ಅಂಕಿಗಳು ಅದರ ಕುರುಹುಗಳು ಮಾತ್ರ.

ಹಾಗೆಂದು ಆತ್ಮವು ನಿತ್ಯವೆಂಬ ವೇದಾಂತವನ್ನು ಬೊಜ್ಜಿನ ಸಮರ್ಥನೆಗೆ ತರುವುದು ಕೂಡದು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹೃದಯದ ಗರಿಷ್ಠ ಬಡಿತದ ಮಿತಿ ಇಳಿಯುತ್ತದೆ. ಹೆಚ್ಚಿನ ಕೊಬ್ಬು ಬೆನ್ನಮೇಲಿನ ಹೊರೆಯ ಜೊತೆಗೆ ಮತ್ತೊಂದು ಹೊರೆಯಾಗಿ ಮೊಣಕಾಲನ್ನು ಸವೆಸುತ್ತದೆ. ಅಭ್ಯಾಸವು ಈ ಇಳಿತವನ್ನು ನಿಧಾನಗೊಳಿಸೀತೇ ಹೊರತು ನಿಲ್ಲಿಸಲಾರದು. ಜೊತೆಯವನ ಪ್ರಾಣವೂ ತನ್ನ ಕಾಲಿನ ಬಲವನ್ನೇ ನಂಬಿರುವಾಗ ಇದನ್ನು ಮರೆಮಾಚುವ ಸಿಪಾಯಿಯು ಅಧರ್ಮವನ್ನೇ ಮಾಡುತ್ತಾನೆ.

941ರ ಹೊತ್ತಿಗೆ ಪಂಪನು ರಚಿಸಿದ ಭಾರತದಲ್ಲಿ, ಮುಪ್ಪಿನ ಭೀಷ್ಮನಿಗೆ ಸೇನಾಪತಿಯ ಪಟ್ಟವನ್ನು ಕಟ್ಟುವಾಗ ಕರ್ಣನು ಹಳಿದು, ಈ ಅಜ್ಜನು ಬೀಳುವವರೆಗೆ ತಾನು ಕಾದಲಾರೆನೆಂದು ಶಪಥಮಾಡುತ್ತಾನೆ. ಶರೀರದ ಲೆಕ್ಕದಲ್ಲಿ ಅವನ ಮಾತು ಸುಳ್ಳಲ್ಲವೆಂದೇ ನನ್ನ ಎಣಿಕೆ. ಆದರೂ ಭೀಷ್ಮನು ಹತ್ತು ದಿನ ಕಾದಿದನು, ಆ ಹತ್ತು ದಿನವೂ ಕರ್ಣನ ದೃಢಕಾಯವು ರಣದಿಂದ ದೂರವೇ ಉಳಿಯಿತು. ಆಮೇಲೆ ಕವಿಯು ಅವನನ್ನು ಶರಶಯ್ಯೆಯ ಬಳಿಗೆ ಕರೆತಂದು ಆ ಅಜ್ಜನ ಕಾಲಿಗೆರಗಿಸುತ್ತಾನೆ.