ಬಾಗಿಲು ಮುಚ್ಚಿ ಕಾಯುವುದೇ?

ಕೆಲವು ವರ್ಷಗಳಿಗೊಮ್ಮೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಸಂದೇಶ ಸುತ್ತಾಡತೊಡಗುತ್ತದೆ. ಹಿಂದೆ ಅದು ದೇವಾಲಯದ ಬೆಂಚಿನ ಮೇಲೆ ಯಾರೋ ಇಟ್ಟುಹೋದ ಕರಪತ್ರವಾಗಿ ಬರುತ್ತಿತ್ತು. ಈಗ ಮೊಬೈಲಿನ ಮೂಲಕ ಬರುತ್ತದೆ. ಲೋಕವನ್ನು ಮೂರು ದಿನಗಳ ಗಾಢಾಂಧಕಾರ ಆವರಿಸಲಿದೆ, ಆಗ ಆಶೀರ್ವದಿಸಿದ ಜೇನುಮೇಣದ ಬತ್ತಿಯೊಂದೇ ಉರಿಯುವುದು, ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಳ್ಳಬೇಕು, ಹೊರಗೆ ಇಣುಕಬಾರದು, ಯಾರ ದನಿ ಕೇಳಿದರೂ ತೆರೆಯಬಾರದು. ಇದು ಅದರ ಸಾರಾಂಶ. ರೋಮಾಪುರಿಯ ಪುನೀತ ಅನ್ನಾ ಮರಿಯ ತಾಯ್ಜಿಯವರ (1769–1837) ಹೆಸರನ್ನು ಅದಕ್ಕೆ ಆಧಾರವಾಗಿ ಕೊಟ್ಟಿರುತ್ತಾರೆ.

ಇಂಥದ್ದನ್ನು ಓದಿ ನಗುವುದು ಸುಲಭ. ನಾನು ನಗಲಾರೆ. ಮೊದಲೇ ರೋಗ, ಸಾಲ, ಮಕ್ಕಳ ಚಿಂತೆಯಿಂದ ನೊಂದ ಮನೆಗಳಲ್ಲಿ ಅದು ಹುಟ್ಟಿಸುವ ಭಯ ನಿಜವಾದ ಭಯ. ಮೇಲಾಗಿ, ಕ್ರಿಸ್ತರು ಜೀವಂತರಿಗೂ ಮೃತರಿಗೂ ನ್ಯಾಯತೀರ್ಪು ನೀಡಲು ಮರಳಿ ಬರುವರೆಂಬುದು ನಮ್ಮ ವಿಶ್ವಾಸಪ್ರಮಾಣದ ಭಾಗವೇ ಆಗಿದೆ. ಎಲ್ಲವನ್ನೂ ಕಟ್ಟುಕತೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಜನರು ಭಯದ ಜೊತೆಗೆ ಆ ನಿರೀಕ್ಷೆಯನ್ನೂ ಕಳೆದುಕೊಂಡಾರು.

ಒಂದು ಭಾನುವಾರ ಬಲಿಪೂಜೆಯ ನಂತರ ಒಬ್ಬ ತಾಯಿ ನನ್ನನ್ನು ಕೇಳಿದರು: “ಸ್ವಾಮಿ, ಆ ಮೂರು ದಿನಗಳಲ್ಲಿ ಪಕ್ಕದ ಮನೆಯ ಮಗು ಬಂದು ತಟ್ಟಿದರೂ ಬಾಗಿಲು ತೆಗೆಯಬಾರದೇ?” ಗುರುಮಠದಲ್ಲಿ ಅಂತ್ಯಕಾಲದ ದೇವಶಾಸ್ತ್ರವನ್ನು ಓದುತ್ತಿದ್ದಾಗ ನಾವು ಚರ್ಚಿಸಿದ ಯಾವ ಪ್ರಶ್ನೆಯೂ ಇಷ್ಟು ನೇರವಾಗಿರಲಿಲ್ಲ.

ಖಾಸಗಿ ದರ್ಶನಗಳ ಬಗ್ಗೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತನ್ನ 67ನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಹೇಳಿದೆ. ಅವು ವಿಶ್ವಾಸದ ನಿಧಿಗೆ ಸೇರಿದವಲ್ಲ. ಕ್ರಿಸ್ತರ ಪ್ರಕಟನೆಯನ್ನು ಅವು ಪೂರ್ತಿಗೊಳಿಸಲಾರವು, ತಿದ್ದಲಾರವು. ಹಾಗಾದರೆ ಆ ತಾಯಿಯ ಪ್ರಶ್ನೆಗೆ ಶುಭಸಂದೇಶದಲ್ಲೇ ಉತ್ತರ ಹುಡುಕಬೇಕು.

ಮುಚ್ಚಿದ ಬಾಗಿಲು ಪವಿತ್ರ ಗ್ರಂಥಕ್ಕೆ ಅಪರಿಚಿತವಲ್ಲ, ನಿಜ. ಈಜಿಪ್ಟನ್ನು ಮೂರು ದಿನ ಕತ್ತಲೆ ಕವಿದಿತ್ತು. ಪಾಸ್ಕದ ರಾತ್ರಿ ಇಸ್ರಯೇಲರು ಮುಂಜಾನೆಯವರೆಗೆ ಮನೆಯಿಂದ ಹೊರಬರಬಾರದಿತ್ತು. ಆದರೆ ವಿಮೋಚನಾಕಾಂಡದ 12ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಒಂದು ಕುರಿಮರಿಯನ್ನು ಉಣ್ಣಲು ಮನೆಯವರು ಸಾಲದಿದ್ದರೆ ನೆರೆಮನೆಯವರನ್ನು ಕೂಡಿಸಿಕೊಳ್ಳಬೇಕೆಂಬ ಆಜ್ಞೆ ಅಲ್ಲಿ ಮೊದಲೇ ಇದೆ. ಬಾಗಿಲು ಮುಚ್ಚುವುದಕ್ಕೆ ಮುಂಚೆ ನೆರೆಯವನು ಒಳಗೆ ಬಂದಿರಬೇಕು! ನೋವನ ನಾವೆಯ ಬಾಗಿಲನ್ನು ಮುಚ್ಚಿದವನು ನೋವನಲ್ಲ, ದೇವರು ಎಂಬುದನ್ನೂ ಆದಿಕಾಂಡ ಗಮನಿಸಿ ಹೇಳುತ್ತದೆ. ಹತ್ತು ಕನ್ಯೆಯರ ಸಾಮತಿಯಲ್ಲಿಯೂ ಬಾಗಿಲು ಮುಚ್ಚುವುದು ಮದುಮಗನ ಆಗಮನದ ನಂತರ, ಮದುವೆಯ ಮನೆಯಲ್ಲಿ. ಯಾರನ್ನು ಹೊರಗಿಡಬೇಕೆಂಬ ನಿರ್ಧಾರವೂ ಮದುಮಗನದೇ. ಕೊನೆಯ ಬಾಗಿಲಿನ ಬೀಗದ ಕೈಯನ್ನು ದೇವರು ನಮಗಾರಿಗೂ ಒಪ್ಪಿಸಿಲ್ಲ.

ಜಾಣೆಯರು ತಮ್ಮ ಎಣ್ಣೆಯನ್ನು ಹಂಚಿಕೊಳ್ಳಲಿಲ್ಲವಲ್ಲ ಎಂದು ನೀವು ಕೇಳಬಹುದು. ಸಂತ ಜಾನ್ ಕ್ರಿಸೋಸ್ತೋಮರು ಆ ಎಣ್ಣೆಯನ್ನು ಬಡವರಿಗೆ ತೋರಿದ ದಯೆಯೆಂದೇ ಅರ್ಥೈಸಿದರು. ಅದನ್ನು ಕಡ ತರಲಾಗದು. ಮತ್ತೊಂದು ವಿಷಯ: ಆ ಹತ್ತು ಮಂದಿಯೂ ನಿದ್ರಿಸಿದರು, ಜಾಣೆಯರೂ ಸಹ. ಪ್ರಭು ಆ ನಿದ್ರೆಯನ್ನು ದೂಷಿಸಲಿಲ್ಲ. ಅಂತ್ಯದ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ಇದು ಸಣ್ಣ ಸಮಾಧಾನವಲ್ಲ.

ಇನ್ನು ಥೆಸಲೋನಿಕಕ್ಕೆ ಹೋಗೋಣ. ಕ್ರಿ.ಶ. 50ರ ಸುಮಾರಿಗೆ ಸಂತ ಪೌಲರು ಆ ರೇವುಪಟ್ಟಣದ ವಿಶ್ವಾಸಿಗಳಿಗೆ ಬರೆದ ಮೊದಲ ಪತ್ರವೇ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹವೆಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ನಮಗೆ ದೊರೆತ ಈ ಮೊದಲ ಕ್ರೈಸ್ತ ಕಾಗದವೇ ಪ್ರಭುವಿನ ಪುನರಾಗಮನವನ್ನು ಕುರಿತು ಮಾತನಾಡುತ್ತದೆ! ಆ ಜನರ ದುಃಖವಾದರೂ ಏನು? ತಮ್ಮಲ್ಲಿ ಕೆಲವರು ತೀರಿಕೊಂಡಿದ್ದರು. ಪ್ರಭು ಬರುವಾಗ ಅವರಿಗೆ ಪಾಲಿಲ್ಲದೆ ಹೋದೀತೇ ಎಂಬುದು. ನಾನು ಉಳಿಯುವೆನೇ ಎಂಬುದಕ್ಕಿಂತ ನಮ್ಮ ಸತ್ತವರ ಗತಿಯೇನು ಎಂಬುದೇ ಅವರನ್ನು ಬಾಧಿಸಿತು. ಪೌಲರು ಅವರನ್ನು ಗದರಿಸಲಿಲ್ಲ. ಕ್ರಿಸ್ತರಲ್ಲಿ ಮೃತರಾದವರೇ ಮೊದಲು ಎದ್ದೇಳುವರು, ಆ ಬಳಿಕ ಬದುಕಿರುವವರು ಅವರೊಡನೆ ಸೇರಿಕೊಳ್ಳುವರು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು ಬರೆದರು. ದಿನಾಂಕವನ್ನು ಮಾತ್ರ ಕೊಡಲಿಲ್ಲ.

ಎರಡನೆಯ ಪತ್ರದ ಹೊತ್ತಿಗೆ ಅಲ್ಲಿ ಬೇರೊಂದು ತೊಂದರೆ ಕಾಣಿಸುತ್ತದೆ. ಪ್ರಭುವಿನ ದಿನ ಬಂದೇಬಿಟ್ಟಿತೆಂಬ ಗಾಳಿಮಾತು ಹಬ್ಬಿತ್ತು. ಕೆಲವರು ದುಡಿಮೆಯನ್ನೇ ಕೈಬಿಟ್ಟಿದ್ದರು. ಈ ಎರಡಕ್ಕೂ ಸಂಬಂಧವಿತ್ತೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ, ನನಗೂ ಹಾಗೆಯೇ ತೋರುತ್ತದೆ. ಅಂಥವರನ್ನು ವರ್ಣಿಸುವ ಗ್ರೀಕ್ ಪದಕ್ಕೆ ಸಾಲು ತಪ್ಪಿದ ಸೈನಿಕನೆಂಬ ಧ್ವನಿಯಿದೆ. ಮೂಲದಲ್ಲಿ ಒಂದು ಶಬ್ದಚಮತ್ಕಾರವೂ ಇದೆ: ಅವರು ಕೆಲಸ ಮಾಡುವವರಲ್ಲ, ಇಲ್ಲದ ಕೆಲಸಕ್ಕೆ ಕೈಹಾಕುವವರು. ದುಡಿಯದವನಿಗೆ ಊಟವೂ ಬೇಡವೆಂಬ ಪೌಲರ ಕಠೋರ ವಚನ ಇಲ್ಲಿಯದೇ. ಆದರೆ ಅವರು ಹೇಳಿದ್ದು ದುಡಿಯಲು ಒಪ್ಪದವನ ಬಗ್ಗೆ, ದುಡಿಯಲಾಗದವನ ಬಗ್ಗೆಯಲ್ಲ. ಕೆಲಸ ಸಿಗದ ಯುವಕನ ಮೇಲೂ ಹಾಸಿಗೆ ಹಿಡಿದ ಮುದುಕನ ಮೇಲೂ ಈ ವಾಕ್ಯವನ್ನು ಎಸೆಯುವವರಿದ್ದಾರೆ, ಅದು ಅನ್ಯಾಯ. ಪೌಲರ ಕೋಪಕ್ಕೆ ಕಾರಣ ಸ್ಪಷ್ಟವಾಗಿದೆ. ಅಂತ್ಯ ಸಮೀಪಿಸಿತೆಂದು ಕುಳಿತವನ ಊಟದ ಹೊರೆ ನೆರೆಯವನ ಹೆಗಲಿಗೆ ಬೀಳುತ್ತದೆ. ಅವರಾದರೋ ಯಾರಿಗೂ ಹೊರೆಯಾಗಬಾರದೆಂದು ಹಗಲಿರುಳು ಕೈಯಾರೆ ದುಡಿದವರು.

ದಿನ ತಿಳಿದಿದೆ ಎಂದುಕೊಂಡವನ ಕೈಯಿಂದ ಮೊದಲು ಜಾರುವುದು ನೆರೆಯವನ ಕೈ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ನ್ನು ಪ್ರಭುವಿನ ದಿನವೆಂದು ಕಾದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಆ ದಿನ ಕಳೆದುಹೋಯಿತು, ಚಳಿಗಾಲ ಬಂತು.

ಅದಕ್ಕಿಂತ ಹಿಂದೆ, 1780ರ ಮೇ 19ರಂದು, ಅದೇ ದೇಶದ ಈಶಾನ್ಯ ಭಾಗದಲ್ಲಿ ಹಾಡುಹಗಲೇ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು. ದೂರದ ಕಾಡ್ಗಿಚ್ಚಿನ ಹೊಗೆಯೇ ಅದಕ್ಕೆ ಕಾರಣವೆಂದು ಇಂದಿನ ಸಂಶೋಧಕರು ಮರಗಳ ಉಂಗುರಗಳಿಂದ ತಿಳಿದಿದ್ದಾರೆ. ಅಂದಿನವರಿಗೆ ಅದು ನ್ಯಾಯತೀರ್ಪಿನ ದಿನವಾಗಿ ಕಂಡಿತು. ಕನೆಕ್ಟಿಕಟ್‌ನ ಶಾಸನ ಪರಿಷತ್ತಿನಲ್ಲಿ ಸಭೆ ಮುಂದೂಡಬೇಕೆಂಬ ಸೂಚನೆ ಬಂದಾಗ ಏಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯರು ಒಪ್ಪಲಿಲ್ಲ. ಇದು ಆ ದಿನವಲ್ಲದಿದ್ದರೆ ಏಳುವ ಕಾರಣವಿಲ್ಲ, ಆ ದಿನವೇ ಆಗಿದ್ದರೆ ಕರ್ತವ್ಯದಲ್ಲಿರುವಾಗಲೇ ನನ್ನನ್ನು ಕಾಣಲಿ ಎಂಬ ಅರ್ಥದಲ್ಲಿ ಉತ್ತರಿಸಿ, ಮೇಣದ ಬತ್ತಿಗಳನ್ನು ತರಿಸಬೇಕೆಂದರು. ಅವರು ಕಥೋಲಿಕರಲ್ಲ, ಆದರೂ ಥೆಸಲೋನಿಕದ ಪತ್ರಗಳಿಗೆ ಇಷ್ಟು ಒಳ್ಳೆಯ ಪ್ರಬೋಧನೆಯನ್ನು ನಾನು ಹೆಚ್ಚು ಕೇಳಿಲ್ಲ.

ಮನೆಮಂದಿಯನ್ನು ಕಾಪಾಡುವುದು ತಂದೆತಾಯಿಯರ ಕರ್ತವ್ಯವಲ್ಲವೇ? ಖಂಡಿತ ಹೌದು. 2020ರಲ್ಲಿ ಕೊರೋನಾ ಬಂದಾಗ ನಾವೆಲ್ಲ ಬಾಗಿಲು ಮುಚ್ಚಿಕೊಂಡೆವು. ಆದರೆ ಅದು ನೆರೆಯವನಿಗೂ ಸೋಂಕು ತಗಲಬಾರದೆಂದು. ಮುಚ್ಚಿದ ಬಾಗಿಲುಗಳ ಮುಂದೆ ಅಕ್ಕಿಯ ಚೀಲ, ಔಷಧಿ ಇಟ್ಟುಹೋದವರು ಎಷ್ಟೋ ಮಂದಿ. ಹೊರಗಿನವನು ಸತ್ತರೂ ಸರಿ, ನಾನು ಉಳಿಯಬೇಕೆಂದು ಹಾಕುವ ಅಗುಳಿ ಬೇರೆ. ಮತ್ತಾಯನ 25ನೆಯ ಅಧ್ಯಾಯದ ನ್ಯಾಯತೀರ್ಪಿನಲ್ಲಿ ಅರಸನು ಕೇಳುವ ಲೆಕ್ಕದಲ್ಲಿ ಹಸಿದವನೊಡನೆ ಅಪರಿಚಿತನೂ ಇದ್ದಾನೆ. ಆ ಅಪರಿಚಿತನು ಅರಸನೇ ಆಗಿದ್ದನೆಂಬುದು ಸೇವೆಮಾಡಿದವರಿಗೂ ತಿಳಿದಿರಲಿಲ್ಲ. ದಿನವೂ ಗಳಿಗೆಯೂ ನಮಗೆ ಮರೆಯಾಗಿರುವುದು ದೇವರ ಕರುಣೆಯೆಂದು ನನಗೆ ಅನ್ನಿಸುವುದು ಇದರಿಂದಲೇ. ತಿಳಿದಿದ್ದರೆ ಆ ಒಂದು ದಿನ ಮಾತ್ರ ಬಾಗಿಲು ತೆರೆದೇವು. ಪ್ರಕಟನೆ ಗ್ರಂಥದಲ್ಲಿ ಕ್ರಿಸ್ತರು ನಿಂತಿರುವುದಾದರೂ ಎಲ್ಲಿ? ಬಾಗಿಲಿನ ಹೊರಗೆ, ತಟ್ಟುತ್ತಾ.

ಆದುದರಿಂದ ಆ ತಾಯಿಗೆ, ಮಗು ತಟ್ಟಿದರೆ ತೆರೆಯಿರಿ ಎಂದೇ ಹೇಳಿದೆ. ತಾಯ್ಜಿಯವರು ಏಳು ಮಕ್ಕಳ ತಾಯಿ. ಬಡತನದ ಮನೆಯಲ್ಲಿದ್ದುಕೊಂಡೇ ರೋಗಿಗಳನ್ನೂ ಬಡವರನ್ನೂ ಉಪಚರಿಸಿದವರು, 1920ರಲ್ಲಿ ಪುನೀತ ಪದವಿಗೇರಿದವರು ಎಂಬುದನ್ನೂ ತಿಳಿಸಿದೆ. ಕರಪತ್ರಗಳಲ್ಲಿ ಈ ಭಾಗ ಇರುವುದಿಲ್ಲ.

ಆಶೀರ್ವದಿಸಿದ ಮೇಣದ ಬತ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ಫೆಬ್ರವರಿ 2ರ ಹಬ್ಬದಂದು ಧರ್ಮಸಭೆ ಅವನ್ನು ಆಶೀರ್ವದಿಸಿ ನಮ್ಮ ಕೈಗೆ ಕೊಡುತ್ತದೆ. ಮನೆಯಲ್ಲಿ ಯಾರಾದರೂ ಮರಣಶಯ್ಯೆಯಲ್ಲಿದ್ದಾಗ ಹಿರಿಯರು ಅದನ್ನು ಹುಡುಕಿ ತಂದು ತಲೆದೆಸೆಯಲ್ಲಿ ಹಚ್ಚುತ್ತಿದ್ದರು. ಸುದ್ದಿ ತಿಳಿದ ನೆರೆಹೊರೆಯವರು ಒಬ್ಬೊಬ್ಬರಾಗಿ ಒಳಗೆ ಬಂದು, ಆ ಬೆಳಕಿನಲ್ಲಿ ಮೊಣಕಾಲೂರಿ ಜಪಸರ ಹೇಳುತ್ತಿದ್ದರು. ಆ ರಾತ್ರಿ ಅಂಥ ಮನೆಗಳ ಬಾಗಿಲನ್ನು ಯಾರೂ ಮುಚ್ಚುತ್ತಿರಲಿಲ್ಲ.