ಉತ್ತರ ಬಾರದ ಪ್ರಾರ್ಥನೆ: ‘ಕ್ರಾಸ್ ರೋಡ್ ಬ್ಲೂಸ್’

ಮಿಸಿಸಿಪಿಯ ಗಾಯಕ ರಾಬರ್ಟ್ ಜಾನ್ಸನ್ (1911–1938) ಹಾಡಿದ ‘ಕ್ರಾಸ್ ರೋಡ್ ಬ್ಲೂಸ್’ ಸೈತಾನನಿಗೆ ಆತ್ಮ ಮಾರಿಕೊಂಡವನ ಹಾಡೆಂದೇ ಹೆಸರಾಗಿದೆ. ನಾಲ್ಕು ದಾರಿ ಕೂಡುವಲ್ಲಿ ಜಾನ್ಸನ್ ಸೈತಾನನಿಂದ ಗಿಟಾರ್ ವಿದ್ಯೆ ಪಡೆದರೆಂಬ ಕಥೆ ಅವರು ತೀರಿಕೊಂಡ ಮೇಲೆ ಬೆಳೆದದ್ದು. ಟಾಮಿ ಜಾನ್ಸನ್ ಎಂಬ ಇನ್ನೊಬ್ಬ ಗಾಯಕರ ಬಗ್ಗೆಯೂ ಇಂಥದೇ ಕಥೆಯಿದೆ. 1936ರ ನವೆಂಬರ್ 27ರಂದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಧ್ವನಿಮುದ್ರಣಗೊಂಡ ಈ ಹಾಡಿನಲ್ಲಿ ಸೈತಾನನ ಸುಳಿವೇ ಇಲ್ಲ. ಮೊದಲ ನುಡಿಯಲ್ಲೇ ಹಾಡಿನ ನಾಯಕ ಮೊಣಕಾಲೂರಿ, ಈ ಬಡಪಾಯಿಯ ಮೇಲೆ ಕರುಣೆ ತೋರೆಂದು ದೇವರನ್ನು ಬೇಡುತ್ತಾನೆ. ಉತ್ತರ ಬಾರದ ಇಂಥ ಮೊರೆ ಭಕ್ತಿಯ ಲೆಕ್ಕಕ್ಕೆ ಸೇರುತ್ತದೆಯೇ ಎಂಬ ಪ್ರಶ್ನೆ ಹಾಡಿನ ಸಾಹಿತ್ಯದಲ್ಲೂ ಇದೆ, ಅದರ ಕಟ್ಟಡದಲ್ಲೂ ಇದೆ.

ಅಮೆರಿಕದ ಕಪ್ಪು ಜನರ ಗಾಯನಶೈಲಿಯಾದ ಬ್ಲೂಸ್‌ನಲ್ಲಿ ರೂಢಿಯ ನುಡಿಗೆ ಮೂರು ಸಾಲು. ಸಾಲಿಗೆ ನಾಲ್ಕರಂತೆ ಹನ್ನೆರಡು ಆವರ್ತ. ಮೊದಲ ಸಾಲನ್ನೇ ಮತ್ತೊಮ್ಮೆ ಹಾಡಿ, ಮೂರನೆಯದರಲ್ಲಿ ಮಾತು ಮುಗಿಸುತ್ತಾರೆ. ಮೊದಲ ಸಾಲಿಗೆ ಷಡ್ಜದ ಮೇಲೆ ಕಟ್ಟಿದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಆಸರೆ. ಅದೇ ಮಾತು ಎರಡನೆಯ ಸಲ ಬರುವಾಗ ಅಡಿಯ ಕಾರ್ಡ್ ಮಧ್ಯಮಕ್ಕೆ ಸರಿದಿರುತ್ತದೆ: ಬೇಡಿಕೆ ಒಂದೇ, ನಿಂತ ನೆಲ ಮಾತ್ರ ಬೇರೆ. ಮೂರನೆಯ ಸಾಲು ಪಂಚಮದಿಂದ ಹೊರಟು ಷಡ್ಜಕ್ಕೆ ಮರಳುತ್ತದೆ. ಜಾನ್ಸನ್ ಈ ಲೆಕ್ಕಕ್ಕೆ ಬಿಗಿಯಾಗಿ ಕಟ್ಟುಬಿದ್ದವರಲ್ಲ. ಮಾತು ಎಳೆದತ್ತ ಆವರ್ತವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ.

ಹಾಡುವ ಮಾತು ನಾಲ್ಕೂ ಆವರ್ತವನ್ನು ತುಂಬುವುದಿಲ್ಲ. ಸುಮಾರು ಅರ್ಧಕ್ಕೆ ದನಿ ನಿಲ್ಲುತ್ತದೆ, ಉಳಿದ ಜಾಗ ಗಿಟಾರಿನದು. ಕಪ್ಪು ಜನರ ಚರ್ಚುಗಳಲ್ಲಿ ಬೋಧಕ ಕೂಗಿದರೆ ಸಭೆ ಓಗೊಡುತ್ತದೆ; ಹೊಲದ ದುಡಿಮೆಯ ಹಾಡುಗಳದ್ದೂ ಅದೇ ರೀತಿ. ಇಲ್ಲಿ ಸಭೆಯಿಲ್ಲ. ಓಗೊಡುವುದು ತಂತಿಯ ಮೇಲೆ ಜಾರುವ ಸ್ಲೈಡ್ ಎಂಬ ಕೊಳವೆ. ಅದು ಹೊರಡಿಸುವ ನಾದ ಎರಡು ಸ್ವರಗಳ ನಡುವೆ ತೂಗುತ್ತ ನರಳುವ ಕಂಠಕ್ಕೆ ತೀರ ಹತ್ತಿರ ಬರುತ್ತದೆ. ಆದರೆ ಸ್ಲೈಡ್ ಇರುವುದು ಕೂಗಿದವನ ಕೈಯಲ್ಲೇ. ಬೇಡುವವನೂ ಓಗೊಡುವವನೂ ಒಬ್ಬನೇ. ಹಾಡಿನ ಧರ್ಮಜಿಜ್ಞಾಸೆಯ ತಿರುಳು ಈ ಏರ್ಪಾಡಿನಲ್ಲಿದೆ.

ಮುಂದಿನ ನುಡಿಯಲ್ಲಿ ಹಾಡಿನ ನಾಯಕ ಹೋಗಿಬರುವ ವಾಹನಗಳಿಗೆ ಕೈ ಅಡ್ಡ ಹಿಡಿಯುತ್ತಾನೆ. ಯಾರಿಗೂ ಅವನ ಗುರುತಿಲ್ಲ, ಎಲ್ಲರೂ ಹಾದುಹೋಗುತ್ತಾರೆ. ಹೊತ್ತು ಮುಳುಗುತ್ತಿದೆ. ವರ್ಣಭೇದದ ಕಾನೂನುಗಳಿದ್ದ ಅಮೆರಿಕದ ದಕ್ಷಿಣದಲ್ಲಿ ಕತ್ತಲಾದ ಮೇಲೆ ಗುರುತಿಲ್ಲದ ದಾರಿಯಲ್ಲಿ ಒಂಟಿಯಾಗಿ ಉಳಿದ ಕಪ್ಪು ಮನುಷ್ಯನಿಗೆ ಜೀವಭಯವಿತ್ತು. ಕಾಪಾಡೆಂಬ ಮೊರೆಯನ್ನು ಪರಲೋಕದ ಮೋಕ್ಷಕ್ಕಷ್ಟೇ ಕಟ್ಟಿಹಾಕಿದರೆ ಹಾಡಿಗೆ ಅನ್ಯಾಯವಾಗುತ್ತದೆ.

ಚರ್ಚಿನ ಎಷ್ಟೋ ಮಂದಿ ಸೈತಾನನ ಸಂಗೀತವೆಂದು ದೂರವಿಟ್ಟ ಬ್ಲೂಸನ್ನು ಧರ್ಮಶಾಸ್ತ್ರಜ್ಞ ಜೇಮ್ಸ್ ಕೋನ್ 1972ರ ‘ದಿ ಸ್ಪಿರಿಚುಯಲ್ಸ್ ಅಂಡ್ ದಿ ಬ್ಲೂಸ್’ ಕೃತಿಯಲ್ಲಿ ಲೌಕಿಕ ಭಕ್ತಿಗೀತೆಯಾಗಿ ಕಂಡರು. ಅದಕ್ಕೆ ಬೈಬಲ್ಲಿನಲ್ಲೇ ಆಧಾರ ಸಿಗುತ್ತದೆ. ಅದರ ‘ಕೀರ್ತನೆಗಳು’ ಎಂಬ ಭಾಗದಲ್ಲಿ ಗೋಳಿನ ಹಾಡುಗಳು ಬಹಳ. ಹೆಚ್ಚಿನವು ಕೊನೆಗೆ ಭರವಸೆಗೋ ಸ್ತುತಿಗೋ ಹೊರಳುತ್ತವೆ. 88ನೆಯದು ಹೊರಳುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಪವಿತ್ರಗ್ರಂಥದಲ್ಲಿ ಉಳಿದಿದೆ. ಉತ್ತರ ಬಂದರಷ್ಟೇ ಪ್ರಾರ್ಥನೆ ಎಂಬ ನಿಯಮವನ್ನು ಆ ಪರಂಪರೆ ಇಟ್ಟುಕೊಂಡಿಲ್ಲ. ಜಾನ್ಸನ್ ಹಾಡಿನ ಜಾಗ ಆ ಕೀರ್ತನೆಯ ಪಕ್ಕದಲ್ಲಿದೆ.

ಬ್ಲೂಸ್‌ನಲ್ಲಿ ದೇವರ ಹೆಸರು ಎಷ್ಟೋ ಸಲ ಬರಿಯ ಉದ್ಗಾರ, ನಿಜ. ಮೊಣಕಾಲೂರಿ ಬೇಡಿದ್ದನ್ನು ಮಾತ್ರ ಹಾಗೆಂದು ತಳ್ಳಿಹಾಕಲಾಗದು. ತಾನು ಮುಳುಗುತ್ತಿರುವ ಸುದ್ದಿಯನ್ನು ಗಿಟಾರ್ ವಾದಕ ಗೆಳೆಯ ವಿಲ್ಲಿ ಬ್ರೌನ್‌ಗೆ ಮುಟ್ಟಿಸಿರೆಂದು ಹೇಳಿಕಳಿಸುವ ನುಡಿಯಲ್ಲೂ ಅವನು ದೇವರನ್ನು ಕರೆಯುವುದು ಬಿಟ್ಟಿಲ್ಲ.